ಯೂಸ್ಟೇಸನ ಮೇಲ್ತುಟಿ

ಸೋಮವಾರ ಬೆಳಿಗ್ಗೆ ಹಲ್ಲುಜ್ಜಲು ಕನ್ನಡಿಯ ಮುಂದೆ ನಿಂತ ಯೂಸ್ಟೇಸನಿಗೆ ತನ್ನ ಮೇಲ್ತುಟಿಯ ಎಡಬದಿಯಲ್ಲಿ ಮೂರು ನೀರುಗುಳ್ಳೆಗಳು ಕಂಡವು. ಬೆಂದ ಸಾಬಕ್ಕಿಯ ಮೂರು ಕಾಳು ತಂದು ಯಾರೋ ಅಂಟಿಸಿದಂತೆ ಒತ್ತೊತ್ತಾಗಿ ಕುಳಿತಿದ್ದವು. ನಿನ್ನೆ ಸಂಜೆಯಿಂದಲೇ ಅಲ್ಲಿ ಚುರುಚುರು ಎನ್ನುತ್ತಿತ್ತು. ಬಂಗುಡೆ ಸಾರಿನ ಖಾರ ಇರಬೇಕು ಎಂದುಕೊಂಡು ಮಲಗಿಬಿಟ್ಟಿದ್ದ.

ಬೇರೆಯವರಿಗೆ ಇದು ಬರೀ ಗುಳ್ಳೆ. ಯೂಸ್ಟೇಸನಿಗೆ ಸರ್ವನಾಶ. ಏಕೆಂದರೆ ಅವನು ಹಗಲು ಮಂಗಳೂರಿನ ಬಲ್ಮಠದ ಒಂದು ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದರೂ ಸಂಜೆಯ ಹೊತ್ತಿಗೆ ಸೈಮನ್ ಮಾಸ್ಟರರ ಬ್ರಾಸ್ ಬ್ಯಾಂಡಿನ ಟ್ರಂಪೆಟ್ ವಾದಕ. ಅದೂ ಎರಡನೇ ಟ್ರಂಪೆಟ್. ಮೊದಲನೇ ಟ್ರಂಪೆಟ್‌ನ ನೆವಿಲ್ ಉಸಿರು ಎಳೆದುಕೊಳ್ಳುವಾಗ ನಡುವೆ ಖಾಲಿ ಬಿಡದಂತೆ ಊದುವುದು ಎರಡನೆಯವನ ಕೆಲಸ. ನೆವಿಲನ ಶ್ವಾಸಕೋಶವೋ ಕಂಬಳದ ಕೋಣದ್ದು. ಹೀಗಾಗಿ ಹನ್ನೊಂದು ವರ್ಷದಲ್ಲಿ ಯೂಸ್ಟೇಸ್ ಊದಿದ್ದಕ್ಕಿಂತ ಕೈಕಟ್ಟಿ ನಿಂತದ್ದೇ ಹೆಚ್ಚು.

ಕಳೆದ ವಾರ ನೆವಿಲ್ ಕೆಲಸ ಸಿಕ್ಕಿ ಕತಾರಿಗೆ ಹೋದ. ಇವತ್ತು ಸಂಜೆ ನಂತೂರಿನ ಹತ್ತಿರದ ಹಾಲ್‌ನಲ್ಲಿ ಒಂದು ದೊಡ್ಡ ಮದುವೆ. ವಧೂವರರು ಒಳಗೆ ಬರುವಾಗ ಮೂರು ನಿಮಿಷ ಒಂಟಿ ಟ್ರಂಪೆಟ್. ಬೇರೆ ಯಾರೂ ಸಿಗದ ಕಾರಣ ಸೈಮನ್ ಮಾಸ್ಟರರು ಆ ಮೂರು ನಿಮಿಷವನ್ನು ಯೂಸ್ಟೇಸನಿಗೆ ಕೊಟ್ಟಿದ್ದರು. ಬೇರೆ ಯಾರೂ ಸಿಗಲಿಲ್ಲ ಎನ್ನುವುದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ನಾಲ್ಕು ದಿನ ನಿದ್ದೆಗೆಟ್ಟು, ಜೆಪ್ಪುವಿನ ತನ್ನ ಮನೆಯ ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದ. ಕೆಟ್ಟದಾಗಿಯೇನೂ ಊದುತ್ತಿರಲಿಲ್ಲ. ಚೆನ್ನಾಗಿ ಊದುವವರು ಎರಡನೆಯವರಾಗಿ ನಿಲ್ಲುವುದು ಈ ಊರಿಗೆ ಹೊಸತೂ ಅಲ್ಲ.

"ಗ್ಲೆನಿಟಾ, ಇಲ್ಲಿ ಬಾ. ಇದು ಎಂತ ನೋಡು!"

ಹೆಂಡತಿ ಗ್ಲೆನಿಟಾ ದೋಸೆ ಮಗುಚುವ ಸಟ್ಟುಗ ಹಿಡಿದೇ ಬಂದಳು. ಒಂದು ಸಲ ನೋಡಿದಳು. ಈ ಜಗತ್ತಿನಲ್ಲಿ ಎರಡನೇ ಸಲ ನೋಡಬೇಕಾದದ್ದು ಯಾವುದೂ ಇಲ್ಲ ಎಂಬುದು ಅವಳ ನಂಬಿಕೆ.

"ಉಷ್ಣ," ಎಂದಳು. "ನಿನ್ನೆ ಮೂರು ಬಂಗುಡೆ ತಿಂದದ್ದು ಯಾರು? ಟೂತ್‌ಪೇಸ್ಟ್ ಹಚ್ಚು. ತಂಪು ಆಗ್ತದೆ."

ಟೂತ್‌ಪೇಸ್ಟ್ ತಂಪು ಎಂದು ಪೊಟ್ಟಣದ ಮೇಲೆಯೇ ಬರೆದಿತ್ತು. ಹಲ್ಲಿಗೆ ಎಂದೂ ಬರೆದಿತ್ತು. ಅದನ್ನು ಗಂಡಹೆಂಡಿರಿಬ್ಬರೂ ಓದಲಿಲ್ಲ. ಹಚ್ಚಿದ ಮರುಕ್ಷಣ ಯೂಸ್ಟೇಸ್ ಬಚ್ಚಲಿನಲ್ಲಿ ಒಂಟಿಕಾಲಿನಲ್ಲಿ ಕುಣಿದ.

ಆ ಕುಣಿತದ ಸದ್ದಿಗೆ ಪಕ್ಕದ ಮನೆಯ ಹೇಮಾಕ್ಷಿ ಬಂದರು. ಮಂಗಳೂರಿನಲ್ಲಿ ತಿರುಗಿದಲ್ಲೆಲ್ಲ ಆಸ್ಪತ್ರೆ ಉಂಟು, ವರ್ಷಕ್ಕೆ ನೂರಾರು ಡಾಕ್ಟರುಗಳು ಹೊರಬೀಳುತ್ತಾರೆ. ಆದರೆ ರೋಗ ಪತ್ತೆ ಮಾಡುವ ಹಕ್ಕು ಮಾತ್ರ ಇನ್ನೂ ಪಕ್ಕದ ಮನೆಯವರ ಕೈಯಲ್ಲೇ ಇದೆ.

"ಅಯ್ಯೋ ಪೊರ್ಬುಲೇ!" ಕ್ರೈಸ್ತರನ್ನು ತುಳುವರು ಕರೆಯುವ ಹಾಗೆ ಕರೆದು ಹೇಮಾಕ್ಷಿ ಎದೆಗೆ ಕೈ ಇಟ್ಟರು. "ಇದು ಸರ್ಪಸುತ್ತು!"

"ತುಟಿಯಲ್ಲಿ ಸರ್ಪಸುತ್ತು ಬರ್ತದಾ ಹೇಮಕ್ಕ?"

"ಸರ್ಪಕ್ಕೆ ತುಟಿ ಯಾವುದು, ಸೊಂಟ ಯಾವುದು? ಇದು ಬಾಲ. ಹೆಡೆ ಎಲ್ಲಿ ಉಂಟೋ ನೋಡ್ಬೇಕು. ಹೆಡೆ, ಬಾಲ ಸೇರಿದ್ರೆ ಮತ್ತೆ ನನ್ನ ಹತ್ರ ಕೇಳ್ಬೇಡಿ."

"ಕೇಳ್ಲಿಕ್ಕೆ ನಾನೇ ಇರುವುದಿಲ್ಲ ಅಲ್ವಾ?"

"ಅದೇ ನಾನು ಹೇಳುವುದು," ಎಂದು ಹೇಮಾಕ್ಷಿ ಗಂಭೀರವಾಗಿ ತಲೆಯಾಡಿಸಿದರು.

ಐದೇ ನಿಮಿಷದಲ್ಲಿ ಅಂಗಳದ ಗರಿಕೆಯನ್ನು ಕೆಮ್ಮಣ್ಣಿನ ಜೊತೆ ಅರೆದು ತಂದರು. ಹೆಡೆ ಎಲ್ಲಿದೆಯೋ ಗೊತ್ತಾಗದ ಕಾರಣ ಮೂಗಿನ ಕೆಳಗಿನಿಂದ ಗಲ್ಲದವರೆಗೆ ಧಾರಾಳವಾಗಿ ಬಳಿದರು. ಯೂಸ್ಟೇಸ್ ಬೇಡ ಎನ್ನಲಿಲ್ಲ. ಬೇಡ ಎನ್ನುವ ಗುಣ ಅವನಲ್ಲಿದ್ದಿದ್ದರೆ ಹನ್ನೊಂದು ವರ್ಷ ಎರಡನೇ ಟ್ರಂಪೆಟ್ ಆಗಿ ಏಕೆ ನಿಲ್ಲುತ್ತಿದ್ದ?

ಬಸ್ಸಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಸೋಮವಾರ ಬೆಳಿಗ್ಗೆಯ ಬಲ್ಮಠದ ಬಸ್ಸಿನಲ್ಲಿ ಸೀಟು ಖಾಲಿ ಉಳಿಯುವುದೆಂದರೆ ಸಣ್ಣ ಸಾಧನೆಯಲ್ಲ.

ಅಂಗಡಿಯಲ್ಲಿ ಜೊತೆಗಾರ ಶೈಲೇಶ್ ಅವನನ್ನು ಕಂಡು ಬಾಯಿ ತೆರೆದ. ಶೈಲೇಶನಿಗೆ ಮೂವತ್ತು ವರ್ಷ. ಅವನ ವಿದ್ಯೆಯೆಲ್ಲ ಮೊಬೈಲಿನ ಅರ್ಧ ನಿಮಿಷದ ವಿಡಿಯೋಗಳಿಂದ ಬಂದದ್ದು.

"ಎಂತ ಅಣ್ಣ, ಮುಖಕ್ಕೆ ಮಣ್ಣು? ಯಾರು ಮಾರಾಯ್ರೆ ನಿಮಗೆ ಇದನ್ನೆಲ್ಲ ಹೇಳುವುದು? ಈ ಕಾಲದಲ್ಲಿಯೂ!" ಎಂದು ಅವನು ಅಜ್ಞಾನದ ವಿರುದ್ಧ ಸ್ವಲ್ಪ ಹೊತ್ತು ಮಾತನಾಡಿದ. ಆಮೇಲೆ, "ಬೆಳ್ಳುಳ್ಳಿ ಉಜ್ಜಿ. ಎರಡು ಗಂಟೆಯಲ್ಲಿ ಕ್ಲಿಯರ್. ಹತ್ತು ಲಕ್ಷ ಜನ ನೋಡಿದ್ದಾರೆ," ಎಂದ.

"ಹತ್ತು ಲಕ್ಷ ಜನಕ್ಕೆ ಗುಣ ಆಯ್ತಾ?"

"ನೋಡಿದ್ದಾರೆ ಅಂತ ಹೇಳಿದೆ ಅಲ್ವಾ?"

ಎದುರಿನ ಹೋಟೆಲಿನಿಂದ ಬೆಳ್ಳುಳ್ಳಿ ಬಂತು. ಶೈಲೇಶ್ ಅದನ್ನು ಕತ್ತರಿಸಿ, ಉಪ್ಪು ಮುಟ್ಟಿಸಿ, ತಾನೇ ಉಜ್ಜಿದ. ಗುಳ್ಳೆಗಳು ಒಡೆದವು. ಯೂಸ್ಟೇಸನ ಕಣ್ಣಲ್ಲಿ ಧಾರಾಕಾರ ನೀರು. ಹಾಸಿಗೆ ನೋಡಲು ಬಂದಿದ್ದ ದಂಪತಿ, ಈ ಅಂಗಡಿಯಲ್ಲಿ ಕೆಲಸಗಾರರಿಗೆ ಹೊಡೆಯುತ್ತಾರೆಂದು ತಿಳಿದು ಮೆಲ್ಲನೆ ಹೊರಗೆ ಹೋದರು. ಎರಡು ಗಂಟೆಯ ನಂತರ ಶೈಲೇಶ್ ಹೇಳಿದಂತೆಯೇ ಗುಳ್ಳೆಗಳು ಕಾಣಲಿಲ್ಲ. ಅವುಗಳ ಜಾಗದಲ್ಲಿ ತುಟಿಯೇ ಉಬ್ಬಿ, ಎಣ್ಣೆಯಲ್ಲಿ ಕರಿದ ಒಂದು ಬನ್ಸ್‌ನಷ್ಟು ಆಗಿತ್ತು.

ಆಗ, ಮಧ್ಯಾಹ್ನ ಒಂದು ಗಂಟೆಗೆ, ಯೂಸ್ಟೇಸನಿಗೆ ಡಾಕ್ಟರ ನೆನಪಾಯಿತು.

ಡಾಕ್ಟರ್ ಸಮೀನಾ ಅವನ ಮುಖವನ್ನು ಮೊದಲು ಎರಡು ಸಲ ತೊಳೆಸಿದರು. ನಂತರ ಕೇಳಿದರು, "ಎಂತೆಲ್ಲ ಹಚ್ಚಿದ್ದೀರಿ?"

ಯೂಸ್ಟೇಸ್ ನಿನ್ನೆಯ ಚುರುಚುರುವಿನಿಂದ ಹಿಡಿದು ಎಲ್ಲ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇನ್ನು ಒಗ್ಗರಣೆ ಒಂದು ಬಾಕಿ," ಎಂದರು. "ನೋಡಿ, ಇದು ವೈರಸ್. ಹೆಚ್ಚಿನವರ ಮೈಯಲ್ಲಿ ಇದ್ದೇ ಇರ್ತದೆ. ಚಿಕ್ಕಂದಿನಲ್ಲಿ ಯಾರೋ ಮುದ್ದು ಮಾಡಿದಾಗ ಬಂದಿರ್ತದೆ, ಹೋಗುವುದಿಲ್ಲ, ಸುಮ್ಮನೆ ಮಲಗಿರ್ತದೆ. ಜ್ವರ, ಬಿಸಿಲು, ಚಿಂತೆ, ನಿದ್ದೆಗೇಡು, ಏನಾದರೂ ಒಂದು ಸಿಕ್ಕಿದರೆ ಏಳ್ತದೆ. ನಿದ್ದೆ ಸರಿ ಉಂಟಾ?"

"ನಾಲ್ಕು ದಿನ ಇಲ್ಲ ಡಾಕ್ಟ್ರೆ. ಇವತ್ತಿನ ಕಾರ್ಯಕ್ರಮಕ್ಕೆ ಪ್ರಾಕ್ಟೀಸ್."

"ಮತ್ತೆ ಬಾರದೆ ಇರ್ತದಾ? ನಿನ್ನೆ ಚುರುಗುಟ್ಟುವಾಗಲೇ ಈ ಮುಲಾಮು ಹಚ್ಚಿದ್ದರೆ ಒಂದೆರಡು ದಿನ ಬೇಗ ವಾಸಿ ಆಗ್ತಿತ್ತು. ಈಗಲೂ ಹಚ್ಚಿ. ಹಚ್ಚುವ ಮೊದಲೂ ಆಮೇಲೂ ಕೈ ತೊಳೀರಿ. ಬಟ್ಟೆಯಲ್ಲಿ ಐಸ್ ಸುತ್ತಿ ಸ್ವಲ್ಪ ಸ್ವಲ್ಪ ಇಡಿ. ಮುಟ್ಟಬೇಡಿ, ಕೀಳಬೇಡಿ. ನಿಮ್ಮ ಲೋಟ, ಟವೆಲ್ ಬೇರೆಯವರಿಗೆ ಕೊಡಬೇಡಿ. ಯಾರಿಗೂ ಮುತ್ತು ಬೇಡ, ಸಣ್ಣ ಮಕ್ಕಳಿಗಂತೂ ಬೇಡವೇ ಬೇಡ."

"ಟ್ರಂಪೆಟ್?"

"ಅದಕ್ಕೆ ಮುತ್ತು ಕೊಡ್ತೀರಾ?"

"ಊದುವುದು ಡಾಕ್ಟ್ರೆ. ಇವತ್ತು ಏಳು ಗಂಟೆಗೆ."

"ಒಂದು ವಾರ, ಹತ್ತು ದಿನ ಬಿಟ್ಟು ಊದಿ. ಆಗ ಕಲೆಯೂ ಉಳಿಯುವುದಿಲ್ಲ."

ಹನ್ನೊಂದು ವರ್ಷ ಕಾದವನಿಗೆ ಇನ್ನೊಂದು ವಾರ ಏನು ಮಹಾ ಎಂದು ಅವರು ತಿಳಿದಿರಬೇಕು. ಯೂಸ್ಟೇಸ್ ಮುಲಾಮು ಕೊಂಡು ಹಾಸಿಗೆ ಅಂಗಡಿಗೆ ಮರಳಿ, ಚೀಟಿಯನ್ನು ಮೇಜಿನ ಮೇಲಿಟ್ಟು, ಕೈ ತೊಳೆಯಲು ಹೋದ. ಆ ದಿನ ಅವನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಕೈ ತೊಳೆದದ್ದು. ಅದರಿಂದಲೇ ಕೆಟ್ಟ.

ಚೀಟಿಯಲ್ಲಿ 'ಹರ್ಪಿಸ್' ಎಂದಿತ್ತು. ಅದರ ಪಕ್ಕದಲ್ಲಿ ತುಟಿಯದ್ದು ಎಂದು ಹೇಳುವ ಇನ್ನೊಂದು ಪದವೂ ಇತ್ತು. ಶೈಲೇಶ್ ಮೊದಲನೆಯ ಪದವನ್ನು ಮಾತ್ರ ಮೊಬೈಲಿನಲ್ಲಿ ಹುಡುಕಿದ. ಎರಡು ಪದ ಓದುವ ತಾಳ್ಮೆ ಇದ್ದಿದ್ದರೆ ಅವನು ಶೈಲೇಶ್ ಹೇಗಾಗುತ್ತಿದ್ದ? ಮೊಬೈಲು ಅವನಿಗೆ ಸೊಂಟದ ಕೆಳಗಿನ ಸಂಗತಿಗಳನ್ನು ಚಿತ್ರ ಸಹಿತ ತೋರಿಸಿತು. ಅವನು ಬೆಳ್ಳುಳ್ಳಿ ಉಜ್ಜಿದ ತನ್ನ ಕೈಯನ್ನು ನೋಡಿಕೊಂಡು ಬಿಳಚಿಕೊಂಡ.

ಯೂಸ್ಟೇಸ್ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಂಗಡಿಯ ಒಡತಿ ನಳಿನಾಕ್ಷಿ ಮೇಡಂ ಎದುರು ನಿಂತಿದ್ದರು, ಆರಡಿ ದೂರದಲ್ಲಿ.

"ಯೂಸ್ಟೇಸ್, ನಿಮ್ಮ ಖಾಸಗಿ ಜೀವನ ನನಗೆ ಬೇಡ. ಆದರೆ ಇದು ಹಾಸಿಗೆ ಅಂಗಡಿ. ಗಿರಾಕಿಗಳು ಮಲಗಿ ನೋಡ್ತಾರೆ. ಇಂಥ ಅಂಗಡಿಯಲ್ಲಿ ಇಂಥ ಕಾಯಿಲೆಯವರು ನಿಂತರೆ ಜನ ಎಂತ ತಿಳಿಯುವುದು?"

"ಮೇಡಂ, ಇದು ಚಿಕ್ಕಂದಿನಲ್ಲಿಯೇ ಬಂದದ್ದಂತೆ..."

"ಚಿಕ್ಕಂದಿನಲ್ಲಿಯೇ!" ಮೇಡಂ ಇನ್ನೂ ಎರಡಡಿ ಹಿಂದೆ ಸರಿದರು. "ಮನೆಗೆ ಹೋಗಿ."

ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. 'ಅಕ್ಕ, ಅಣ್ಣ ಬ್ಯಾಂಡಿಗೆ ಅಂತ ಎಲ್ಲೆಲ್ಲಿ ಹೋಗ್ತಾರೆ, ಸ್ವಲ್ಪ ವಿಚಾರಿಸಿ' ಎಂದು ಶೈಲೇಶ್ ಗ್ಲೆನಿಟಾಳಿಗೆ ಮೆಸೇಜು ಕಳಿಸಿದ್ದ. ಕೊನೆಗೆ ಕೈಮುಗಿಯುವ ಚಿತ್ರವೊಂದು.

ಯೂಸ್ಟೇಸ್ ಚೀಟಿ ತೋರಿಸಿದ, ಡಾಕ್ಟರಿಗೆ ಫೋನ್ ಮಾಡಿಸಿದ, ಬೈಬಲಿನ ಮೇಲೆ ಕೈಯಿಟ್ಟ. ಗ್ಲೆನಿಟಾ ಎಲ್ಲವನ್ನೂ ಕೇಳಿ, "ಸರಿ, ಚಿಕ್ಕಂದಿನಲ್ಲಿ ಮುತ್ತು ಕೊಟ್ಟದ್ದು ಯಾರು?" ಎಂದಳು.

"ನನಗೆ ಹೇಗೆ ಗೊತ್ತು? ಅತ್ತೆಯೋ, ಚಿಕ್ಕಮ್ಮನೋ!"

"ನೆನಪು ಮಾಡು," ಎಂದು ಹೇಳಿ ಅವಳು ಸೀರೆ ಇಸ್ತ್ರಿ ಮಾಡತೊಡಗಿದಳು. ಮದುವೆಗೆ ಅವಳಿಗೂ ಆಮಂತ್ರಣವಿತ್ತು. ಒಂದೇ ರಿಕ್ಷಾದಲ್ಲಿ ಹೋದರು. ಅವಳು ಒಂದು ತುದಿಯಲ್ಲಿ, ಅವನು ಇನ್ನೊಂದು ತುದಿಯಲ್ಲಿ, ನಡುವೆ ಟ್ರಂಪೆಟ್ ಪೆಟ್ಟಿಗೆ. ನಂತೂರಿನಲ್ಲಿ ಲಾರಿಗಳ ಸಾಲಿನ ಹಿಂದೆ ಇಪ್ಪತ್ತು ನಿಮಿಷ ನಿಂತಾಗಲೂ ಆ ಪೆಟ್ಟಿಗೆ ನಡುವಿನಿಂದ ಕದಲಲಿಲ್ಲ.

ಹಾಲ್‌ನ ಹಿಂಬಾಗಿಲಲ್ಲಿ ಸೈಮನ್ ಮಾಸ್ಟರರು ಯೂಸ್ಟೇಸನ ತುಟಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು.

"ದೆವಾ! ಇದು ಎಂತ ಮಾರಾಯ, ಬಾಯಿಯೋ ಬನ್ಸೋ?"

"ಸರ್, ಊದ್ತೇನೆ. ನೋವು ತಡೀತೇನೆ."

"ಹೇಗೆ ಊದುವುದು? ನಿನ್ನ ತುಟಿ ಟ್ರಂಪೆಟಿನ ಬಾಯಿಗೆ ಹಿಡಿಯುವುದೇ ಇಲ್ಲ!"

ಯೂಸ್ಟೇಸನ ಕಣ್ಣು ತುಂಬಿತು. ಸೈಮನ್ ಮಾಸ್ಟರರು ಗಡಿಯಾರ ನೋಡಿದರು, ಹೊರಗೆ ಬಂದು ನಿಂತ ಮದುವೆ ಕಾರನ್ನು ನೋಡಿದರು, ಕೊನೆಗೆ ತಮ್ಮ ಕೀಬೋರ್ಡ್ ನೋಡಿದರು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಟ್ರಂಪೆಟಿನ ಸ್ವರ ಬರುತ್ತಿತ್ತು. ಹತ್ತು ವರ್ಷದಿಂದ ಅದನ್ನು ಅವರು ಒತ್ತಿರಲಿಲ್ಲ. ಅದು ಸಂಗೀತಕ್ಕೆ ಮಾಡುವ ದ್ರೋಹ ಎಂದು ಎಲ್ಲರಿಗೂ ಭಾಷಣ ಮಾಡುತ್ತಿದ್ದರು.

"ನೀನು ಮುಂದೆ ನಿಲ್ಲು. ಬೆರಳು ಆಡಿಸು. ಕೆನ್ನೆ ಉಬ್ಬಿಸು. ತುಟಿಗೆ ತಾಗಿಸಬೇಡ," ಎಂದು ಆ ದ್ರೋಹದ ಗುಂಡಿಯನ್ನು ಒತ್ತಿದರು.

ವಧೂವರರು ಬಂದರು. ದೀಪಗಳು ಮಂದವಾದವು. ಕೆಂಪು ಕೋಟಿನ ಯೂಸ್ಟೇಸ್ ಬೆಳಕಿನ ನಡುವೆ ಟ್ರಂಪೆಟ್ ಎತ್ತಿದ. ತುಟಿಗೂ ಹಿತ್ತಾಳೆಗೂ ನಡುವೆ ಒಂದು ಕಡಲೆಬೀಜದಷ್ಟು ಅಂತರ. ಹಿಂದಿನಿಂದ ಸ್ವರ ಹರಿಯಿತು. ಊದುವ ಕಷ್ಟವಿಲ್ಲದ ಕಾರಣ ಅವನ ಮುಖ ಕೆಂಪಾಗಲಿಲ್ಲ, ಕಣ್ಣು ಹೊರಗೆ ಬರಲಿಲ್ಲ, ಕತ್ತಿನ ನರ ಉಬ್ಬಲಿಲ್ಲ. ಜನ ಮೊಬೈಲು ಎತ್ತಿ ಹಿಡಿದರು. ನಾಲ್ಕನೇ ಸಾಲಿನಲ್ಲಿ ಗ್ಲೆನಿಟಾ ಪಕ್ಕದ ಹೆಂಗಸಿಗೆ, "ನನ್ನ ಗಂಡ," ಎಂದದ್ದು ಅವನಿಗೆ ಕಂಡಿತು.

ಅದೇ ಮುಳುವಾಯಿತು. ಎರಡನೇ ನಿಮಿಷದಲ್ಲಿ ಸ್ವರ ಮೇಲೇರುವ ಒಂದು ಜಾಗ ಇತ್ತು. ನಾಲ್ಕು ದಿನ ಬಚ್ಚಲಿನಲ್ಲಿ ತಿದ್ದಿ ತಿದ್ದಿ ಒಲಿಸಿಕೊಂಡದ್ದು. ಅದು ಬಂದಾಗ ಯೂಸ್ಟೇಸನಿಗೆ ತಡೆಯಲಾಗಲಿಲ್ಲ. ತುಟಿ ಹರಿದರೂ ಹರಿಯಲಿ ಎಂದು ಟ್ರಂಪೆಟನ್ನು ಒತ್ತಿ ಹಿಡಿದು, ಎದೆಯಲ್ಲಿದ್ದ ಹನ್ನೊಂದು ವರ್ಷವನ್ನು ಒಂದೇ ಉಸಿರಿಗೆ ಊದಿದ.

ಹಟ್ಟಿಯಲ್ಲಿ ಕರುವಿನ ಕಾಲನ್ನು ಯಾರೋ ತುಳಿದಂಥ ಸದ್ದು ಬಂತು. ಒಂದೇ ಕ್ಷಣ. ಕೀಬೋರ್ಡ್ ಅದನ್ನು ನುಂಗಿಕೊಂಡು ಮುಂದೆ ಹೋಯಿತು.

ಚಪ್ಪಾಳೆ ಎರಡು ನಿಮಿಷ ನಿಲ್ಲಲಿಲ್ಲ. ಮದುಮಗಳ ತಂದೆ ಜೋನ್, ಮಸ್ಕತ್‌ನಲ್ಲಿ ಇಪ್ಪತ್ತಾರು ವರ್ಷ ಇದ್ದವರು, ಓಡಿ ಬಂದು ಯೂಸ್ಟೇಸನನ್ನು ಅಪ್ಪಿಕೊಂಡರು. ಕೆನ್ನೆಗೆ ಮುತ್ತು ಕೊಡಲು ಮುಖ ತಂದಾಗ ಯೂಸ್ಟೇಸ್ ಡಾಕ್ಟರ ಮಾತು ನೆನಪಾಗಿ ಕತ್ತು ತಿರುಗಿಸಿದ. ಎಂಥ ವಿನಯ ಎಂದು ಜೋನ್‌ರ ಕಣ್ಣು ಒದ್ದೆಯಾಯಿತು.

"ಮಸ್ಕತ್‌ನ ದೊಡ್ಡ ದೊಡ್ಡ ಹೋಟೆಲಿನಲ್ಲಿ ಕೇಳಿದ್ದೇನೆ. ಇಂಥ ಟ್ರಂಪೆಟ್ ಕೇಳಿಲ್ಲ!" ಎಂದರು. ಆಮೇಲೆ ಸೈಮನ್ ಮಾಸ್ಟರರತ್ತ ತಿರುಗಿ ದನಿ ತಗ್ಗಿಸಿದರು. "ಆದರೆ ಮಾಸ್ಟರ್, ನಡುವೆ ನಿಮ್ಮ ಕೀಬೋರ್ಡ್ ಒಮ್ಮೆ ವಿಚಿತ್ರವಾಗಿ ಕೂಗಿತು. ಅದನ್ನು ರಿಪೇರಿ ಮಾಡಿಸಿ. ಇಷ್ಟು ಒಳ್ಳೆಯ ಕಲಾವಿದನ ಜೊತೆ ಅದು ಸರಿಯಲ್ಲ."

"ಮಾಡಿಸ್ತೇನೆ," ಎಂದರು ಸೈಮನ್ ಮಾಸ್ಟರರು.

ಅಲ್ಲೇ ಇನ್ನೂ ಮೂರು ಮದುವೆಯವರು ಬಂದು, ಇದೇ ಟ್ರಂಪೆಟಿನವನು ಬೇಕು ಎಂದು ತಾರೀಕು ಹೇಳಿ ಹೋದರು. ಯೂಸ್ಟೇಸ್ ಮೂಲೆಯಲ್ಲಿ ನಿಂತು ಕರವಸ್ತ್ರದಲ್ಲಿ ಸುತ್ತಿದ ಐಸನ್ನು ತುಟಿಗೆ ಹಿಡಿದುಕೊಂಡಿದ್ದ. ನೋವಿನ ನಡುವೆಯೂ ಅವನ ಮನಸ್ಸು ಹಗುರವಾಗಿತ್ತು. ಮಾಸ್ಟರರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಹನ್ನೊಂದು ವರ್ಷದಲ್ಲಿ ಅವರು ಹೆಗಲು ಮುಟ್ಟಿದ್ದು ಅದೇ ಮೊದಲು.

"ಯೂಸ್ಟೇಸ್, ಇನ್ನು ಮೇಲೆ ಬ್ಯಾಂಡಿನ ಮುಂದೆ ನೀನೇ."

"ದೇವರು ಒಳ್ಳೇದು ಮಾಡ್ಲಿ ಸರ್! ಒಂದು ವಾರ ಕೊಡಿ. ತುಟಿ ಪೂರ್ತಿ ಗುಣ ಆಗ್ತದೆ. ಆಮೇಲೆ ನೋಡಿ ನಾನು ಹೇಗೆ ಊದ್ತೇನೆ!"

"ಊದುವುದಾ?" ಮಾಸ್ಟರರಿಗೆ ನಿಜವಾಗಿಯೂ ಗಾಬರಿಯಾಯಿತು. "ಬೇಡ ಮಾರಾಯ, ಎಲ್ಲ ಹಾಳು ಮಾಡಬೇಡ. ಇವತ್ತು ನಿಂತ ಹಾಗೆ ನಿಂತರೆ ಸಾಕು. ಸ್ವರ ನಾನು ನೋಡಿಕೊಳ್ತೇನೆ."

ಯೂಸ್ಟೇಸನ ಕೈಯಿಂದ ಐಸ್ ಜಾರಿತು.

"ಹಾಗಾದರೆ ತುಟಿ ಗುಣ ಆಗಿ ಎಂತ ಪ್ರಯೋಜನ ಸರ್?"

"ಛೆ, ಹಾಗೆ ಹೇಳ್ಬೇಡ," ಎಂದು ಸೈಮನ್ ಮಾಸ್ಟರರು ಪ್ರೀತಿಯಿಂದ ಅವನ ಕೋಟಿನ ಗುಂಡಿ ಸರಿಮಾಡಿದರು. "ಮುಲಾಮು ಸರಿಯಾಗಿ ಹಚ್ಚು, ಬೇಗ ಗುಣ ಮಾಡಿಕೋ. ಫೋಟೋದಲ್ಲಿ ಚಂದ ಕಾಣ್ಬೇಕಲ್ವಾ?"