ಛಾಪಾ ಬಿದ್ರ ಚಂದ್ರವ್ವ

ಸಾಬವ್ವ: ಅಲ್ರೀ, ನಿಮ್ಮ ಅವ್ವ ಇರೂತನಕ ಆಕಿ ಹೆಸರು ಕಿವಿಗಿ ಬಿದ್ರ ಸಾಕು, ಕುಂತಾಕಿ ಎದ್ದು ನಿಲ್ತಿದ್ದೆ. ಈಗ ಮೊಮ್ಮಗಳ ಮುಂದೂ ಎದ್ದು ನಿಲ್ಲಲೇನು?

ಗುರಣ್ಣ: ಕೂಸಿನ ಮುಂದ ನಿಲ್ಲಂತ ಯಾರಂದ್ರು? ಎತ್ಕೊಂಡು ಕೂಡು.

ಕಿಣ್ಣಿ ಸುಲ್ತಾನ ಊರಿನಲ್ಲಿ ಗುರಣ್ಣನ ಕಿರಾಣಿ ಅಂಗಡಿ ಇದ್ದದ್ದು ಅವನ ಮನೆಯ ಮುಂದಿನ ಕೋಣೆಯಲ್ಲೇ. ಹೀಗಾಗಿ ಗಂಡ ಹೆಂಡಿರ ಜಗಳಕ್ಕೂ ವ್ಯಾಪಾರಕ್ಕೂ ನಡುವೆ ಗೋಡೆ ಇರಲಿಲ್ಲ. ಮರುದಿನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಗುರಣ್ಣನಿಗೆ ತೀರಿಹೋದ ಅವ್ವ ಚಂದ್ರವ್ವನ ಹೆಸರೇ ಆಗಬೇಕಿತ್ತು. ಮಗ ಸತೀಶಕುಮಾರ, ‘ಇಬ್ರೂ ಕೂಡಿ ಒಂದು ಹೆಸರು ಹೇಳ್ರಿ, ಎರಡಲ್ಲ’ ಎಂದು ಹೇಳಿ ಸಾಮಾನು ತರಲು ಆಳಂದಕ್ಕೆ ಹೋಗಿದ್ದ. ಸೊಸೆ ಪಲ್ಲವಿ ಒಳಗೆ ಕೂಸನ್ನು ಮಲಗಿಸುತ್ತಿದ್ದಳು.

ಸಾಬವ್ವ: ಸಂಘಮಿತ್ರಾ ಅಂತ ಇಡೂಣ್ರಿ. ಅಶೋಕ ರಾಜನ ಮಗಳ ಹೆಸರು.

ಗುರಣ್ಣ: ಅಷ್ಟುದ್ದ ಹೆಸರು ಕೂಗಿ ಮುಗಸೂದ್ರಾಗ ಕೂಸು ರೋಡ್ ದಾಟಿ ಹೋಗಿರ್ತದ.

ಸಾಬವ್ವ: ಚಂದ್ರವ್ವ ಅಂದ್ರ ಹೋದಾಕಿ ಹೊಳ್ಳಿ ಬರಂಗಿಲ್ಲ.

ಪಲ್ಲವಿ (ಒಳಗಿನಿಂದ): ಛಾಪಾ ಕಾಟಾ ಹಾಕಿಬಿಡ್ರಿ ಮಾವ. ನಿಮ್ಮ ಗದ್ದಲಕ್ಕ ಕೂಸು ಕಣ್ಣು ಮುಚ್ಚವಲ್ದು.

ಇಬ್ಬರೂ ಒಪ್ಪಿದರು. ನಾಣ್ಯ ಚಿಮ್ಮಿಸಿದಾಗ ಸಿಂಹದ ಛಾಪಾ ಬಿದ್ದರೆ ಚಂದ್ರವ್ವ, ಅಂಕಿಯ ಕಾಟಾ ಬಿದ್ದರೆ ಸಂಘಮಿತ್ರಾ. ಗುರಣ್ಣ ಗಲ್ಲಾ ಎಳೆದ. ನೋಟುಗಳಿದ್ದವು, ಚಿಲ್ಲರೆ ಬದಲು ಕೊಡುವ ಚಾಕಲೇಟುಗಳಿದ್ದವು. ನಾಣ್ಯ ಒಂದೂ ಇರಲಿಲ್ಲ.

ಸಾಬವ್ವ: ಯಾಕ್ರೀ, ರೂಪಾಯಿ ಸಿಗವಲ್ದೇನು?

ಗುರಣ್ಣ: ನಾ ಚಿಲ್ರಿ ತಗೊಳ್ಳೂದು ಬಿಟ್ಟೀನಲ್ಲ. ಒಂದು ರೂಪಾಯಿ ನಾಣ್ಯ ಮಾಡಾಕ ಒಂದು ರೂಪಾಯಿಗಿಂತ ಹೆಚ್ಚು ಖರ್ಚು ಬೀಳ್ತದಂತ. ಸುಮ್ನ ಸರಕಾರಕ್ಕ ಲುಕ್ಸಾನ ಯಾಕ ಮಾಡೂದು?

ಸಾಬವ್ವ: ನಂಗೂ ರೊಟ್ಟಿ ಬಡಿಯೂ ದಣಿವು ರೊಟ್ಟಿಗಿಂತ ದೊಡ್ಡದದ. ನಾಳಿಂದ ಬಿಡ್ಲೇನು?

ಗುರಣ್ಣ: ರೊಟ್ಟಿ ತಿಂತಾರ. ರೂಪಾಯಿ ಯಾರು ತಿಂತಾರ?

ಸಾಬವ್ವ: ಅದನ್ನ ತಿನ್ನೋರ ಹೆಸರು ಹೇಳಾಕ ಕೂತ್ರ ನಾಳಿ ತೊಟ್ಟಿಲ ಕಾರ್ಯ ತಪ್ತದ.

ಗುರಣ್ಣ ಒಂದು ಚಾಕಲೇಟು ಎತ್ತಿಕೊಂಡ.

ಗುರಣ್ಣ: ಇದನ್ನ ಹಾರಿಸೂಣು.

ಸಾಬವ್ವ: ಇದರ ಛಾಪಾ ಯಾವ ಕಡಿ?

ಗುರಣ್ಣ: ಹೆಸರು ಬರ್ದ ಕಡಿ.

ಸಾಬವ್ವ: ಎರಡೂ ಕಡಿ ಹೆಸರದ. ಹೆಂಗ ಬಿದ್ರೂ ನಿಮ್ಮ ಅವ್ವನ ಗೆಲ್ತಾಳ.

ಗುರಣ್ಣ: ಹಂಗಾದ್ರ ಫೋನಿನ್ಯಾಗ ನಾಣ್ಯ ಹಾರಸೂ ಆಟ ಅದ.

ಸಾಬವ್ವ: ಫೋನು ನಿಮ್ದು. ನಿಮ್ಮ ಮಾತ ಕೇಳ್ತದ.

ಅಷ್ಟರಲ್ಲಿ ಪಕ್ಕದ ಮನೆಯ ಅಖ್ತರಬೇಗಂ ಮೆಟ್ಟಿಲು ಹತ್ತಿದಳು. ಮುಂಜಾನೆ ಇದೇ ಅಂಗಡಿಯಿಂದ ಬರಿಗೈಲಿ ವಾಪಸು ಹೋಗಿದ್ದವಳು.

ಅಖ್ತರಬೇಗಂ: ಗುರಣ್ಣ, ಒಂದು ಶಾಂಪು ಪಾಕೀಟು ಕೊಡ್ರಿ. ನನ್ಹತ್ರ ಮುಂಜಾನಿ ತಂದ ರೂಪಾಯಿನ ಅದ. ಬ್ಯಾಡಂದ್ರ ಮತ್ತ ಹೋಗ್ತೇನಿ.

ಗುರಣ್ಣ: ಯಾಕ ಹೋಗ್ತೀರಿ? ಬರ್ರಿ, ಕೂಡ್ರಿ. ಎಲ್ಲದ ಆ ರೂಪಾಯಿ?

ಅಖ್ತರಬೇಗಂ: ಮುಂಜಾನಿ ಇದನ್ನ ತಗಡು ಅಂದಿದ್ರಿ.

ಗುರಣ್ಣ: ಮುಂಜಾನಿ ಕನ್ನಡಕ ಹಾಕಿದ್ದಿಲ್ಲ.

ಅಖ್ತರಬೇಗಂ: ಈಗೂ ಹಾಕಿಲ್ಲ.

ಗುರಣ್ಣ: ಈಗ ಬೆಳಕು ಛಲೋ ಅದ.

ಅಖ್ತರಬೇಗಂ ಮುಷ್ಟಿ ಬಿಚ್ಚಲಿಲ್ಲ. ಸಾಬವ್ವನ ಮುಖ ನೋಡಿದಳು, ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಅಖ್ತರಬೇಗಂ: ಸಾಬವ್ವನ ಮುಂದ ಹೇಳ್ರಿ. ಇದು ತಗಡೋ, ರೊಕ್ಕೋ?

ಗುರಣ್ಣ: ರೊಕ್ಕ.

ಅಖ್ತರಬೇಗಂ: ಇವತ್ತಿಗಷ್ಟ ರೊಕ್ಕೋ, ನಾಳಿನೂ ರೊಕ್ಕೋ?

ಗುರಣ್ಣ: ನಾಳಿನೂ ರೊಕ್ಕ. ನಿಮ್ಮ ಮನ್ಯಾಗ ಎಷ್ಟದಾವೋ ಡಬ್ಬಿ ತುಂಬ್ಕೊಂಡು ಬರ್ರಿ.

ಸಾಬವ್ವ: ಮತ್ತ ಸರಕಾರದ ಲುಕ್ಸಾನ?

ಗುರಣ್ಣ: ಸರಕಾರ ನೋಡ್ಕೊಳ್ತದ ಬಿಡು.

ರೂಪಾಯಿ ಕೈಗೆ ಬಂತು. ಗುರಣ್ಣ ಹೆಬ್ಬೆರಳಿನಿಂದ ಚಿಮ್ಮಿಸಿ, ಕೆಳಗೆ ಬೀಳುವ ಮೊದಲೇ ಹಿಡಿದು, ಎಡಗೈ ಮೇಲಿಟ್ಟು ಬಲಗೈಯಿಂದ ಮುಚ್ಚಿದ. ಸಾಬವ್ವ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಅವನು ಕೈಯನ್ನು ಸ್ವಲ್ಪವೇ ಸರಿಸಿ ನೋಡಿದ. ಛಾಪಾ.

ಗೆದ್ದೆ ಅನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ತಡೆದ. ಅವ್ವ ಬದುಕಿದ್ದಷ್ಟು ಕಾಲ ಸಾಬವ್ವ ಒಮ್ಮೆಯಾದರೂ ಬಿಸಿ ರೊಟ್ಟಿ ಉಂಡಿದ್ದಳೇ? ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ಅವ್ವ ಅವನಿಗೆ ಒಳ್ಳೆಯವಳೇ. ಸಾಬವ್ವನಿಗೆ ಹಾಗಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ನಾಣ್ಯವನ್ನು ಮುಷ್ಟಿಯೊಳಗೆ ಜಾರಿಸಿದ.

ಗುರಣ್ಣ: ಕಾಟಾ. ಇಡು ನಿನ್ನ ಸಂಘಮಿತ್ರಾನ್ನ.

ಸಾಬವ್ವ: ಖರೇನ?

ಗುರಣ್ಣ: ಸೋತವ ನಾ ಹೇಳಾಕತ್ತೇನಿ, ಸುಳ್ಳು ಯಾಕ ಹೇಳ್ಲಿ?

ಸಾಬವ್ವ ಒಳಗೆ ಓಡಿದಳು. ಆಗತಾನೆ ಕಣ್ಣು ಮುಚ್ಚಿದ್ದ ಕೂಸನ್ನು ಎಬ್ಬಿಸಿ ಹೊಸ ಹೆಸರು ಕರೆಯುವುದು ಹೊರಗೆ ಕೇಳಿಸಿತು. ಪಲ್ಲವಿ ತಲೆ ಚಚ್ಚಿಕೊಂಡದ್ದೂ ಕೇಳಿಸಿತು. ಗುರಣ್ಣ ಏನೂ ಆಗದವನಂತೆ ಶಾಂಪು ಪಾಕೀಟಿನ ಸರದಿಂದ ಒಂದನ್ನು ಹರಿದು ಕೊಟ್ಟ. ಅಖ್ತರಬೇಗಂ ಹೋಗಲಿಲ್ಲ. ಗಲ್ಲಾದ ಮೇಲೆ ಬಗ್ಗಿ ದನಿ ಇಳಿಸಿದಳು.

ಅಖ್ತರಬೇಗಂ: ಕಾಟಾದಾಗ ಯಾವಾಗಿಂದ ಸಿಂಹ ಬಂದಾವ, ಗುರಣ್ಣ?

ಗುರಣ್ಣ: ಮೆಲ್ಲಗ ಮಾತಾಡ್ರಿ. ಶಾಂಪು ಸಿಕ್ತಲ್ಲ, ನಡೀರಿ.

ಅಖ್ತರಬೇಗಂ: ರೂಪಾಯಿ ಶಾಂಪುಕ್ಕ ಸರಿ ಹೋತು. ನಾ ಸುಮ್ನಿರಬೇಕಲ್ಲ, ಅದಕ್ಕ?

ಗುರಣ್ಣ ಒಳಬಾಗಿಲ ಕಡೆ ಒಮ್ಮೆ ನೋಡಿ, ಅರ್ಧ ಕಿಲೋ ಸಕ್ಕರೆ ತೂಗಿ ಅವಳ ಮುಂದಿಟ್ಟ. ಅಖ್ತರಬೇಗಂ ಪೊಟ್ಟಣದ ತೂಕವನ್ನು ಕೈಯಲ್ಲೇ ಅಂದಾಜು ಮಾಡಿದಳು.

ಅಖ್ತರಬೇಗಂ: ಚಾಪುಡಿ ಇಲ್ದ ಬರೀ ಸಕ್ಕರಿ ತಗೊಂಡು ಏನ್ಮಾಡ್ಲಿ?