ಮದುಮಗನನ್ನು ಹೊತ್ತ ನನ್ನ ಹಳೇ ಕಾರು

ಹಳೇ ಕಾರು ಇಟ್ಟುಕೊಂಡವನಿಗೆ ನೆಂಟರು ಹೆಚ್ಚು. ಆದರೆ ಅವರೆಲ್ಲ ಕಾರು ಓಡುವವರೆಗಿನ ನೆಂಟರು. ಬಾನೆಟ್ ಎತ್ತಿದ ಕೂಡಲೇ ಗಡಿಯಾರ ನೋಡಿಕೊಳ್ಳುತ್ತಾರೆ. ಇದನ್ನು ಹೊಟ್ಟೆ ಉರಿದುಕೊಂಡು ಹೇಳುತ್ತಿಲ್ಲ ಎಂದರೆ ಸುಳ್ಳಾದೀತು. ಉರಿದುಕೊಂಡೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಕೂಡ್ಲಿಗಿಯಲ್ಲಿ ನನ್ನದೊಂದು ಪುಟ್ಟ ಕಾರಿತ್ತು. ನನಗಿಂತ ಮೊದಲು ಯಾರ್ಯಾರ ಕೈಯಲ್ಲಿ ಸವೆದಿತ್ತೋ ಏನೋ. ನನ್ನ ಭಾನುವಾರಗಳೆಲ್ಲ ಪ್ಲಗ್ ಉಜ್ಜುವುದರಲ್ಲಿ, ರೇಡಿಯೇಟರ್‌ಗೆ ನೀರು ಹೊಯ್ಯುವುದರಲ್ಲಿ ಮುಗಿಯುತ್ತಿದ್ದವು. "ನನ್ನ ತಲಿನೋವು ಹೆಂಗೈತಿ ಅಂತ ಒಂದಿನ ಕೇಳಲಿಲ್ಲ. ಅದು ಕೆಮ್ಮಿದ್ರ ಓಡಿ ಹೋಗ್ತೀರಿ," ಎನ್ನುತ್ತಿದ್ದಳು ಹೆಂಡತಿ.

ಅಕ್ಕನ ಮಗ ಬಸವರಾಜ ನಮ್ಮ ಮನೆಯಲ್ಲೇ ಉಂಡು, ಓದಿ ದೊಡ್ಡವನಾದವನು. ಅವನ ಮದುವೆ ಹರಪನಹಳ್ಳಿಯಲ್ಲಿ ಗೊತ್ತಾಯಿತು. "ಮದುಮಗ ಮಾವನ ಕಾರ್ನಾಗ ಬರ್ಲಿ," ಎಂದಳು ಅಕ್ಕ. ಬಾಸಿಂಗ ಕಟ್ಟಬೇಕಾದ ಸೋದರಮಾವನೂ ನಾನೇ. ಕಾರಿಗೆ ಮದುಮಗನಿಗಿಂತ ಚೆನ್ನಾಗಿ ಎಣ್ಣೆ, ನೀರು ಮಾಡಿಸಿ, ಸೇವಂತಿಗೆ ಹಾರ ಹಾಕಿ ಹೊರಟೆ. ಹಿಂದೆ ಬಸವರಾಜ, ಮುಂದೆ ನಮ್ಮ ಚಿಕ್ಕಪ್ಪನ ಮಗ ಕೊಟ್ರೇಶ.

ಕೊಟ್ಟೂರು ದಾಟಿ, ಮೆಕ್ಕೆಜೋಳದ ಹೊಲಗಳ ನಡುವೆ ಕಾರು ಮುಕ್ಕರಿಸಿ ನಿಂತಿತು. "ಪ್ಲಗ್ ನೋಡಣ್ಣ," ಎಂದ ಕೊಟ್ರೇಶ, ಸೀಟಿನಿಂದ ಅಲ್ಲಾಡದೆ. ನೋಡಿದೆ. "ಬ್ಯಾಟರಿ ನೋಡಣ್ಣ." ಅದನ್ನೂ ನೋಡಿದೆ. ಪಾಪ, ಬಸವರಾಜನೇ ಇಳಿದು ರೇಷ್ಮೆ ಅಂಗಿಯಲ್ಲಿ ತಳ್ಳಿದ. ಅಷ್ಟರಲ್ಲಿ ಬೀಗರ ಕಡೆಯ ಜೀಪೊಂದು ಬಂತು. "ನೀನೂ ಬಾ ಮಾವ, ಕಾರು ಇಲ್ಲೇ ಇರ್ಲಿ," ಎಂದ ಬಸವರಾಜ. ಬಂದೆ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಕೊಟ್ರೇಶ, "ಅಣ್ಣ ಈ ಕಾರು ಬಿಟ್ಟು ಬರಂಗಿಲ್ಲ ಬಿಡಪ್ಪ. ನಡಿರಿ, ಮುಹೂರ್ತ ಮೀರತೈತಿ!" ಎಂದು ಜೀಪು ಹೊರಡಿಸಿಯೇಬಿಟ್ಟ.

ಪೆಟ್ರೋಲ್ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡಿತ್ತು. ಪೈಪು ಬಿಚ್ಚಿ ಬಾಯಿಂದ ಎಳೆದೆ. ಕಸಕ್ಕಿಂತ ಮೊದಲು ಪೆಟ್ರೋಲ್ ಬಾಯಿಗೆ ಬಂತು. ಹರಪನಹಳ್ಳಿ ಮುಟ್ಟಿದಾಗ ಅಕ್ಕಿಕಾಳು ಬಿದ್ದು ಮದುವೆ ಮುಗಿದಿತ್ತು. ಬಾಸಿಂಗ ಕಟ್ಟಿದವನು ಕೊಟ್ರೇಶ. ಸೋದರಮಾವನಿಗೆ ಹೊದಿಸುವ ಶಾಲೂ ಅವನ ಹೆಗಲ ಮೇಲೆಯೇ.

"ಮುಹೂರ್ತ ನಿನಗ ಕಾಯತೈತೇನೋ ತಮ್ಮ? ಕೊಟ್ರೇಶನೂ ಮಾವನ ಅಲ್ಲೇನು? ಹೋಗಿ ಉಣ್ಣು," ಎಂದಳು ಅಕ್ಕ. ಉಂಡೆ. ಹೋಳಿಗೆಯೂ ಪೆಟ್ರೋಲ್ ವಾಸನೆ ಹೊಡೆಯಿತು. ಬಸವರಾಜ ಬಂದು ಕಾಲಿಗೆರಗಿ, "ಬಾಸಿಂಗ ಕಟ್ಟುವಾಗ ಬಾಗಿಲ ಕಡೀಗೇ ನೋಡಾಕತ್ತಿದ್ದೆ ಮಾವ," ಎಂದ. ಏನೇನೋ ಹೇಳಬೇಕೆನಿಸಿತು. ಬಾಯಿಂದ ಬಂದದ್ದು ಮಾತ್ರ, "ಫಿಲ್ಟರ್‌ನ್ಯಾಗ ಕಸ ಸೇರಿತ್ತಪ್ಪ."

ಸಂಜೆ ಹೊರಟಾಗ ಕೊಟ್ರೇಶ ಶಾಲು ಹೊದ್ದುಕೊಂಡೇ ಬಂದು ಮುಂದಿನ ಸೀಟಿನಲ್ಲಿ ಕುಳಿತ. ನಾಲ್ಕು ಮಾತು ಅಂದು ಇಳಿಸಿಬಿಡಬೇಕೆಂದುಕೊಂಡೇ ಕೀಲಿ ತಿರುವಿದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಎಲಾ ಇದರ! ಹೊಸಾ ಗಾಡಿ ಆದಂಗ ಆತಲ್ಲಣ್ಣ. ಏನ್ ಕೈ ನಿಂದು!" ಎಂದ.

ಕೂಡ್ಲಿಗಿ ಬರುವವರೆಗೂ ಅವನಿಗೆ ಪೆಟ್ರೋಲ್ ಫಿಲ್ಟರ್ ಸ್ವಚ್ಛ ಮಾಡುವ ಬಗೆಯನ್ನು ಬಿಡಿಸಿ ಬಿಡಿಸಿ ಹೇಳುತ್ತ ಬಂದೆ.