ಮೂರು ಬೆಳಕು, ಒಂದು ಕೈ

ಮೈಮೇಲೆ ತೊನ್ನಿನ ಕಲೆ ಕಾಣಿಸಿಕೊಂಡವನಿಗೆ ಅಳುತ್ತ ಕೂರಲೂ ಪುರಸೊತ್ತು ಸಿಗುವುದಿಲ್ಲ. ದಿನಕ್ಕೊಂದು ಫಜೀತಿ ಮನೆ ಹುಡುಕಿಕೊಂಡು ಬರುತ್ತದೆ. ನನ್ನ ಬಲಗೈ ಬೆಳ್ಳಗಾಗತೊಡಗಿದ್ದು ಹೈದರಾಬಾದಿನಲ್ಲಿ ಬೆಳಗಾದರೆ ಒಂದು ಸಾಫ್ಟ್‌ವೇರ್ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ. ಗಚ್ಚಿಬೌಲಿಯಲ್ಲಿ ನೌಕರಿ, ಕಾಚಿಗೂಡದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಕಲಬುರಗಿಯಿಂದ ಬಂದ ಅವ್ವ.

ಕೆಳಗಿನ ಮನೆಯಲ್ಲಿ ಮಾಲೀಕರು. ಬೀದರ ಕಡೆಯವರು, ದೊಡ್ಡ ಬಿಳಿ ಮೀಸೆ. ಆ ವರ್ಷ ದಸರೆಗೆ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣ್ರಿ" ಅನ್ನಲು ಹೋದರೆ ನನ್ನ ಕೈ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಅಲ್ಲೇ ಕಟ್ಟಿ ಮ್ಯಾಲ ಇಡ್ರಿ, ತಗೋತೀನಿ" ಅಂದರು. ಇದು ಅಂಟುವ ರೋಗವಲ್ಲ ಅನ್ನುವುದರೊಳಗೆ ಅವರು ಮತ್ತೆ ಕಟ್ಟೆಯತ್ತ ಬೆರಳು ತೋರಿಸಿದರು. ಬನ್ನಿ ಎಲೆ ಕಟ್ಟೆಯ ಮೇಲಿಟ್ಟು ಬಂದೆ. ಬಹಳ ನೊಂದೆ. ಮುಂದಿನ ದಸರೆಯೊಳಗೆ ಈ ಕೈಗೆ ಬಣ್ಣ ಬರಿಸಲೇಬೇಕೆಂಬ ಹಟ ಹುಟ್ಟಿದ್ದು ಅಂದೇ.

೧. ಸೂರ್ಯನ ಬೆಳಕು

ಮೊದಲ ಚಿಕಿತ್ಸೆ ಎಲ್ಲಕ್ಕಿಂತ ಸರಳ. ಕಲೆಗೆ ಔಷಧ ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗೆ ಹಿಡಿದು, ಆಮೇಲೆ ತೊಳೆಯಬೇಕು. ಹತ್ತಿಯಿಂದಲೇ ಹಚ್ಚಿ ಎಂದು ಡಾಕ್ಟರು ಒತ್ತಿ ಹೇಳಿದ್ದರು.

"ಹತ್ತಿ ಯಾಕಪಾ, ನನ್ನ ಬೆರಳು ಸತ್ತಾವೇನು?" ಎಂದು ಅವ್ವ ದಿನಾ ತಾನೇ ಹಚ್ಚಿದಳು. ನಾನು ಕೈ ತೊಳೆದು ಆಫೀಸಿಗೆ ಹೋಗುತ್ತಿದ್ದೆ. ಅವಳು ಅದೇ ಬೆರಳಲ್ಲಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಬಿಸಿಲಲ್ಲೇ ಉಳಿಯುತ್ತಿದ್ದಳು. ಕೆಲವೇ ವಾರಗಳಲ್ಲಿ ಅವಳ ತೋರುಬೆರಳು ನೇರಳೆ ಹಣ್ಣಿನಂತೆ ಕಪ್ಪಾಯಿತು. ನನ್ನ ಕೈ ಇದ್ದಲ್ಲೇ ಇತ್ತು.

ಅವಳಿಗೆ ಬೇಜಾರಿಲ್ಲ. ಮಾಲೀಕರು ಮಾಳಿಗೆಗೆ ಬಂದು, ದೂರವೇ ನಿಂತು, ಅಲ್ಲಿನ ಗೂಡಿನಲ್ಲಿಟ್ಟಿದ್ದ ಔಷಧ ನೋಡಿ, "ಏನದು ಬಾಟ್ಲಿ?" ಎಂದರೆ, "ಬೆಳ್ಳಗಿದ್ದದ್ದು ಕರ್ರಗ ಮಾಡ್ತೈತ್ರೀ ಅಣ್ಣಾರ. ಬೇಕಾದ್ರ ನೋಡ್ರಿ" ಎಂದು ಹೆಮ್ಮೆಯಿಂದ ಬೆರಳು ತೋರಿಸಿದಳು.

ಡಾಕ್ಟರು ನಮ್ಮಿಬ್ಬರ ಕೈಗಳನ್ನೂ ಮೇಜಿನ ಮೇಲಿಡಿಸಿ ನೋಡಿದರು. ಔಷಧ ಚೆನ್ನಾಗಿ ಹತ್ತಿದೆ, ಇನ್ನು ಮೇಲೆ ರೋಗಿಗೂ ಒಂದಿಷ್ಟು ಹಚ್ಚಿ ಅಂದರು.

೨. ಗುಳಿಗೆ ಮತ್ತು ಪೆಟ್ಟಿಗೆ

ಸೂರ್ಯನಿಗೆ ಸ್ವಿಚ್ ಇಲ್ಲ, ಹೆಚ್ಚು ಕಡಿಮೆ ಮಾಡಲಾಗದು ಎಂದು ಡಾಕ್ಟರು ಎರಡನೆಯ ಚಿಕಿತ್ಸೆಗೆ ಬದಲಿಸಿದರು. ಗುಳಿಗೆ ನುಂಗಿ, ಒಂದೆರಡು ತಾಸು ಬಿಟ್ಟು, ಸುತ್ತಲೂ ಟ್ಯೂಬ್‌ಲೈಟು ಜೋಡಿಸಿದ ಬೀರುವಿನಂಥ ಪೆಟ್ಟಿಗೆಯೊಳಗೆ ನಿಲ್ಲಬೇಕು. ಬಿಸಿಲಿಗಿಂತ ಇದು ಚುರುಕು. ಆದರೆ ಹೊಟ್ಟೆ ತೊಳಸುತ್ತದೆ. ಮೇಲಾಗಿ ಕಣ್ಣಿಗೆ ಬೆಳಕು ತಾಗಬಾರದೆಂದು ಆ ದಿನವೆಲ್ಲ, ಮನೆಯೊಳಗೂ ಕರಿ ಕನ್ನಡಕ.

ಹಾಗೇ ಆಫೀಸಿನ ಮೀಟಿಂಗಿನಲ್ಲಿ ಕೂತೆ. ಹಿಂದಿನ ವಾರವೆಲ್ಲ ನಿದ್ದೆಗೆಟ್ಟಿದ್ದೆ, ಎ.ಸಿ. ತಣ್ಣಗಿತ್ತು, ಕನ್ನಡಕ ಕಪ್ಪಗಿತ್ತು. ಚಪ್ಪಾಳೆಯ ಸದ್ದಿಗೆ ಎಚ್ಚರಾಯಿತು. ಮ್ಯಾನೇಜರು ನನ್ನತ್ತ ಕೈ ತೋರಿಸಿ, ಕೊನೆಯವರೆಗೂ ಅಲುಗಾಡದೆ ಕೇಳಿದವರು ಇವರೊಬ್ಬರೇ ಎಂದು ಹೊಗಳುತ್ತಿದ್ದರು.

ಮುಂದಿನ ಮೀಟಿಂಗಿಗೆ ಇನ್ನೂ ಮೂವರು ಕರಿ ಕನ್ನಡಕ ಹಾಕಿಕೊಂಡು ಬಂದರು.

೩. ಬರೀ ಪೆಟ್ಟಿಗೆ

ಮೂರನೆಯದರಲ್ಲಿ ಗುಳಿಗೆಯೇ ಇಲ್ಲ. ಬೇರೆ ಬಗೆಯ ಬೆಳಕು. ವಾರಕ್ಕೆರಡು ಮೂರು ಸಲ ಹೋಗಿ ನಿಂತು ಬಂದರಾಯಿತು. ಹೊಟ್ಟೆ ತಣ್ಣಗಿತ್ತು, ಕನ್ನಡಕ ಪೆಟ್ಟಿಗೆಯೊಳಗಷ್ಟೇ. ತಿಂಗಳುಗಟ್ಟಲೆ ಓಡಾಡಿದ ಮೇಲೆ ಮುಂಗೈ ಮೇಲೆ ಸಾಸಿವೆ ಕಾಳಿನಂಥ ಕಂದು ಚುಕ್ಕೆಗಳು ಮೂಡಿದವು. ನನ್ನ ಕಣ್ಣಲ್ಲಿ ನೀರೇ ಬಂತು. ಬೆರಳ ತುದಿಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅವ್ವನಿಗೆ ಒಂದೇ ತಕರಾರು. "ಟ್ಯೂಬ್‌ಲೈಟಿನ ಕೆಳಗ ನಿಲ್ಲಾಕ ಅಷ್ಟು ದೂರ ಹೋಗಬೇಕೇನು? ನಮ್ಮ ಅಡಿಗಿಮನ್ಯಾಗ ಇಲ್ಲೇನು?"

ಆ ಬೆಳಕೇ ಬೇರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆಸ್ಪತ್ರೆಗೆ ರಜೆ ಇದ್ದ ದಿನ ನನ್ನನ್ನು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ, ಹೇಗೂ ಕೂತಿದ್ದೀಯಲ್ಲ ಎಂದು ಬೆಳ್ಳುಳ್ಳಿ ಸುಲಿಸುತ್ತಿದ್ದಳು. ಕೈಗೆ ಬಣ್ಣ ಬಂದದ್ದು ಬೆಳ್ಳುಳ್ಳಿಯಿಂದ ಎಂದೇ ಇವತ್ತಿಗೂ ಕಾಚಿಗೂಡದಲ್ಲಿ ಹೇಳಿಕೊಂಡು ತಿರುಗುತ್ತಾಳೆ.

೪. ಮತ್ತೆ ಬನ್ನಿ

ದಸರೆ ಬಂತು. ನನ್ನ ಕೈ ಅರ್ಧ ಬಣ್ಣ, ಅರ್ಧ ಬಿಳಿ. ಬನ್ನಿ ಕೊಡಲು ಕೆಳಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ಮಾಲೀಕರೇ ಮೆಟ್ಟಿಲೇರಿ ಬಂದರು, ಬಾಯಿಗೆ ಟವೆಲ್ ಸುತ್ತಿಕೊಂಡು.

"ಬನ್ನಿ ಆಮ್ಯಾಲ ಕೊಡ್ರಿ. ಮೊದ್ಲ ಇದು ಹೋಗೋದು ಹೆಂಗ, ಅದನ್ನ ಹೇಳ್ರಿ" ಎಂದು ಟವೆಲ್ ಸರಿಸಿದರು.

ಮೀಸೆ ಹಾಲಿನಷ್ಟೇ ಬೆಳ್ಳಗಿತ್ತು. ಅದರ ಕೆಳಗೆ, ಅದರ ಸುತ್ತ, ತುಟಿಯಿಂದ ಕೆನ್ನೆಯವರೆಗೆ ಚರ್ಮ ಹಂಚಿನ ತಳದಂತೆ ಕಪ್ಪಾಗಿತ್ತು. ಮಾಳಿಗೆಯ ಗೂಡಿನಲ್ಲಿ ನಾವು ಮರೆತಿದ್ದ ಬಾಟಲಿ ಎಲ್ಲಿ ಹೋಯಿತೆಂಬುದು ಆಗ ತಿಳಿಯಿತು.

"ಬೆಳ್ಳಗಿದ್ದದ್ದು ಕರ್ರಗ ಆಗ್ತೈತಿ ಅಂದಿದ್ರಲ್ರೀ ಅವ್ವಾರ!"

"ನಾ ಚರ್ಮಕ್ಕ ಅಂದಿದ್ದೆ. ಮೀಸಿಗೆ ಅಂದಿದ್ದೆನೇನ್ರಿ?" ಅಂದಳು ಅವ್ವ.

ನಿಧಾನಕ್ಕೆ ಹೋಗುತ್ತದೆ, ಬಿಸಿಲಿಗೆ ಹೋಗಬೇಡಿ, ಡಾಕ್ಟರಿಗೊಮ್ಮೆ ತೋರಿಸಿ ಎಂದು ಸಮಾಧಾನ ಹೇಳಿದೆ. ಆಮೇಲೆ ಬನ್ನಿ ಹಿಡಿದು, ವರ್ಷದಿಂದ ಕಾದಿಟ್ಟ ಮಾತನ್ನು ಆಡಿಯೇ ಬಿಟ್ಟೆ: "ಕಟ್ಟಿ ಮ್ಯಾಲ ಇಡ್ಲೇನ್ರಿ?"

ಅವರು ತಲೆ ತಗ್ಗಿಸಿದರು. ಎರಡೂ ಕೈ ಮುಂದೆ ಚಾಚಿದರು. "ಕೈಯಾಗ ಕೊಡ್ರಿ ತಮ್ಮಾರ. ನಿಮ್ಮ ಔಷಧಾನ ಮುಖಕ್ಕ ಹಚ್ಕೊಂಡೀನಿ, ಇನ್ನ ನಿಮ್ಮ ಕೈಗೆ ಅಂಜಲೇನು?"

ಕೊಟ್ಟೆ. ಅವರು ನನ್ನ ಬಿಳಿ ಬೆರಳುಗಳನ್ನು ಗಟ್ಟಿಯಾಗಿ ಹಿಡಿದು, "ಬಂಗಾರದಂಗ ಇರೋಣ್ರಿ" ಎಂದರು.

ಅವ್ವ ಒಮ್ಮೆ ನನ್ನ ಕೈ ನೋಡಿದಳು, ಒಮ್ಮೆ ಅವರ ಮುಖ ನೋಡಿದಳು.

"ಬಂಗಾರದಂಗ ಆಮ್ಯಾಲ ಇರೀರಂತ" ಅಂದಳು. "ಸದ್ಯಕ್ಕ ಇಬ್ಬರೂ ಎರಡೆರಡು ಬಣ್ಣದಾಗ ಅರಾಮ ಇರ್ರಿ."